ಎದುರು ಮನೆ ಓನರ್ ಕೈಗೆ ಡ್ರಿಲ್ ಕೊಟ್ಟು

ಕೆಂಪಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಒಂದು ಡ್ರಿಲ್ ಮಷೀನನ್ನು ಬಾಡಿಗೆಗೆ ಇಟ್ಟರೆ ಸಾಕು, ಅವೇ ಅಂಗಡಿಯ ಮೆಟ್ಟಿಲು ಹತ್ತಿ ಬರುತ್ತವೆ. ನನ್ನ ಪಾಲಿಗೆ ಅವು ಹೆಚ್ಚಾಗಿ ಬಂದದ್ದು ಎದುರು ಕಟ್ಟಡದ ಓನರ್ ರೂಪದಲ್ಲಿ.

ಅವರದು ಇಲ್ಲಿನ ಹಳೇ ಮನೆತನ. ಅಪ್ಪ ರಾಗಿ ಬೆಳೆದ ಜಾಗದಲ್ಲಿ ಈಗ ಇವರು ಬಾಡಿಗೆ ಮನೆಗಳನ್ನು ಎಬ್ಬಿಸಿದ್ದಾರೆ. ಬಾಡಿಗೆಯವರಿಗೆ ಪರದೆ ರಾಡ್ ಬೇಕಿರಲಿ, ಗೀಸರ್ ಬೇಕಿರಲಿ, ತೂತು ಹಾಕಲು ಬೇರೆ ಯಾರನ್ನೂ ಕರೆಯುವುದಿಲ್ಲ. ಪಂಚೆ ಎತ್ತಿ ಕಟ್ಟಿ ತಾವೇ ನಿಲ್ಲುತ್ತಾರೆ. ನಾನು ಅಂಗಡಿ ಹಾಕಿದ ಹೊಸದರಲ್ಲಿ, ಹೋಟೆಲ್ ಊಟ ತಿಂದು ಸೊರಗುತ್ತಿದ್ದಾಗ, ಕರೆದು ಮುದ್ದೆ ಇಕ್ಕಿದ ಮನುಷ್ಯ. ಹಾಗಾಗಿ ಡ್ರಿಲ್ ಕೊಡುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಕೊಡದಿದ್ದರೆ ಮುಂದಿನ ಅಂಗಡಿಯಿಂದ ತರುತ್ತಾರೆ ಎನ್ನುವುದೂ ಗೊತ್ತು. ಕೊಟ್ಟ ದಿನ ಮಾತ್ರ, ಅವರು ವಾಪಸ್ ಬರುವವರೆಗೆ, ನನ್ನ ಜೀವ ಕೈಯಲ್ಲಿರುತ್ತದೆ.

ಕನ್ನಡಕ

ಚಾವಣಿಗೆ ತೂತು ಹಾಕಬೇಕು ಅಂದರು. ಸಿಮೆಂಟ್ ಪುಡಿ ನೇರ ಕಣ್ಣಿಗೇ ಬೀಳುತ್ತದೆ. ಡ್ರಿಲ್ ಜೊತೆ ಕಣ್ಣಿನ ರಕ್ಷಣೆಗೆ ಪ್ಲಾಸ್ಟಿಕ್ ಕನ್ನಡಕವನ್ನೂ ಕೊಟ್ಟು, "ಹಾಕ್ಕೊಳ್ದೆ ಶುರು ಮಾಡ್ಬೇಡಿ ಅಣ್ಣ" ಎಂದೆ. ಮನಸ್ಸು ತಡೆಯದೆ ಹಿಂದೆಯೇ ಹೋಗಿ ನೋಡಿದರೆ, ಓನರ್ ಮೇಜಿನ ಮೇಲೆ ನಿಂತು ಚಾವಣಿ ಕೊರೆಯುತ್ತಿದ್ದಾರೆ. ಕನ್ನಡಕ ಇರುವುದು ಕೆಳಗೆ ಮೇಜು ಹಿಡಿದುಕೊಂಡಿರುವ ಬಾಡಿಗೆದಾರರ ಮೂಗಿನ ಮೇಲೆ.

"ಅಣ್ಣ, ಅದು ನಿಮಗೆ ಕೊಟ್ಟಿದ್ದು!"

"ನಂಗ್ಯಾಕಯ್ಯಾ? ನಾನು ಕಣ್ ಮುಚ್ಕೊಂಡೇ ಕೊರೀತಾ ಇವ್ನಿ. ಕಣ್ ಬಿಟ್ಕೊಂಡ್ ನೋಡ್ತಿರೋದು ಅವ್ರು!"

ಹೆಪ್ಪು

ಡಿಸೆಂಬರ್ ಚಳಿ. ಉಂಡೆ ಸುತ್ತಿದ ಎಕ್ಸ್‌ಟೆನ್ಷನ್ ವೈರ್ ಒಯ್ದಿದ್ದರು. "ಪೂರ್ತಿ ಬಿಚ್ಚಿ ಹಾಕಿ ಅಣ್ಣ, ಸುತ್ತಿದ ಹಾಗೇ ಬಿಟ್ಟರೆ ಬಿಸಿ ಏರಿ ಸುಟ್ಟೋಗತ್ತೆ" ಎಂದು ಹೇಳಿಯೇ ಕಳಿಸಿದ್ದೆ. ಅವರು ಬೇಕಾದಷ್ಟು ಉದ್ದ ಮಾತ್ರ ಎಳೆದುಕೊಂಡಿದ್ದಾರೆ. ಮಿಕ್ಕ ಉಂಡೆ ಅಡುಗೆಮನೆಯ ಮೂಲೆಯಲ್ಲಿ. ಸಾಲದ್ದಕ್ಕೆ, ನೀರು ಕಾಯಿಸುವ ಕಾಯಿಲನ್ನೂ ಅದೇ ವೈರಿನ ಬಾಕ್ಸಿಗೆ ಸಿಕ್ಕಿಸಿದ್ದಾರೆ.

ಸಂಜೆ ವೈರ್ ತರಲು ಹೋದೆ. ಉಂಡೆಯ ಮೇಲೆ ಏನೋ ಇಟ್ಟು, ಹಳೇ ಸೀರೆ ಹೊದಿಸಿದ್ದರು. ಮುಟ್ಟಲು ಹೋದರೆ ಓನರ್ ಹೆಂಡತಿ ಕೂಗಿದರು, "ಅಲ್ಲಾಡಿಸ್ಬೇಡ ಕಣಪ್ಪ, ಹಾಲು ಹೆಪ್ಪಾಕಿದೀನಿ!"

ಓಡಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪಾತ್ರೆ ಎತ್ತಿದೆ. ವೈರು ಆಗತಾನೆ ಹೆಂಚಿನಿಂದ ತೆಗೆದ ರೊಟ್ಟಿಯಷ್ಟು ಬಿಸಿ. "ಅಕ್ಕಾ, ಇನ್ನೊಂದು ಗಳಿಗೆ ಬಿಟ್ಟಿದ್ರೆ ಮನೆಗೇ ಬೆಂಕಿ ಹತ್ತೋದು" ಎಂದೆ. ಅಕ್ಕ ಮುಚ್ಚಳ ತೆಗೆದು, ಪಾತ್ರೆ ಓರೆ ಮಾಡಿ ನೋಡಿದರು. ಗಟ್ಟಿ ಮೊಸರು.

"ಬೈಯೋದ್ ಆಮೇಲ್ ಬೈ. ಚಳಿಗಾಲ ಮುಗಿಯೋವರ್ಗೂ ಇದನ್ನ ಇಲ್ಲೇ ಬಿಟ್ಟಿರು."

ಪೂಜೆ

ಆಯುಧಪೂಜೆಯ ದಿನ ಓನರ್ ತಟ್ಟೆ ಹಿಡಿದು ಅಂಗಡಿಗೇ ಬಂದರು. ಮಷೀನು ನಿನ್ನದಾದರೂ ದುಡಿದಿರುವುದು ನನ್ನ ಕೈಯಲ್ಲಿ ಎಂಬ ವಾದ. ಡ್ರಿಲ್ಲಿಗೆ ವಿಭೂತಿ, ಚೆಂಡುಹೂವಿನ ಹಾರ. ಆಮೇಲೆ ಎಕ್ಸ್‌ಟೆನ್ಷನ್ ಬಾಕ್ಸಿನ ಕಡೆ ತಿರುಗಿದರು. ಅದರ ವೈರು ಗೋಡೆಯ ಪ್ಲಗ್ಗಿನಲ್ಲೇ ಇತ್ತು, ಕೆಂಪು ದೀಪ ಉರಿಯುತ್ತಿತ್ತು. ಉದ್ಧರಣೆ ತುಂಬ ತೀರ್ಥ ಎತ್ತಿ ಬಾಕ್ಸಿನ ತೂತಿಗೆ ಹಿಡಿದಿದ್ದರು. ಹಾರಿ ಅವರ ಕೈ ಹಿಡಿದೆ.

"ಅಣ್ಣ, ಮೊದ್ಲು ಪ್ಲಗ್ ತೆಗೀತೀನಿ. ಆಮೇಲೆ ಪೂಜೆ ಮಾಡಿ. ಅದೂ ನೀರಿಲ್ದೆ."

ಓನರ್ ನನ್ನನ್ನು ಕನಿಕರದಿಂದ ನೋಡಿದರು. "ಪ್ಲಗ್ ತೆಗೆದ್ರೆ ಒಳಗೆ ಶಕ್ತಿ ಎಲ್ಲಿರ್ತದಯ್ಯಾ? ನಾನ್ ಯಾರಿಗ್ ಪೂಜೆ ಮಾಡ್ಲಿ?"

ಅವತ್ತು ತುಂಬ ಹೊತ್ತು ಯೋಚಿಸಿದೆ. ಕೈ ಮುಗಿಯುವಷ್ಟು ಭಕ್ತಿ ಇದೆ, ಕೈ ಹಿಂದೆ ತೆಗೆಯುವಷ್ಟು ಭಯ ಯಾಕಿಲ್ಲ? ಇಷ್ಟು ದಿನ ಏನೂ ಆಗಿಲ್ಲ ಎನ್ನುವುದೇ ಅವರಿಗೆ ಧೈರ್ಯ. ನನಗೆ ಅದೇ ದಿಗಿಲು.

ಸ್ವಿಚ್

ಹೋದ ತಿಂಗಳು ಆಗಬಾರದ್ದು ಆಗಿಯೇಬಿಡುತ್ತಿತ್ತು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಹಗ್ಗಕ್ಕೆ ಕೊಕ್ಕೆ ಹೊಡೆಯುತ್ತಿದ್ದರು. ಬೆರಳು ನೋಯುತ್ತದೆಂದು ಡ್ರಿಲ್ಲಿನ ಲಾಕ್ ಗುಂಡಿ ಒತ್ತಿಟ್ಟಿದ್ದರು. ಅದು ಒತ್ತಿದ್ದರೆ ಕೈ ಬಿಟ್ಟರೂ ಮಷೀನು ತಿರುಗುತ್ತಲೇ ಇರುತ್ತದೆ. ಬೆವರು ಒರೆಸಲು ಡ್ರಿಲ್ಲನ್ನು ಸೊಂಟದ ಹತ್ತಿರ ಇಳಿಸಿದರು. ಪಂಚೆಯ ಅಂಚು ಸಿಕ್ಕಿಕೊಂಡಿತು. ಮಷೀನು ಪಂಚೆಯನ್ನು ಸುತ್ತಿಕೊಳ್ಳುತ್ತಾ ಹೊಟ್ಟೆಯ ಕಡೆ ಏರತೊಡಗಿತು.

"ಆರಿಸ್ರೋ! ಯಾರಾದ್ರೂ ಆರಿಸ್ರೋ!"

ಕೂಗು ನನ್ನ ಅಂಗಡಿಗೆ ಕೇಳಿತು. ಆದರೆ ಸ್ವಿಚ್ ಎಲ್ಲಿ? ಬಾಡಿಗೆಯವರ ಕರೆಂಟ್ ಮುಟ್ಟಬಾರದು ಎಂಬುದು ಓನರ್ ಶಿಸ್ತು. ಹಾಗಾಗಿ ವೈರು ಬಾಲ್ಕನಿಯಿಂದ ಇಳಿದು, ಕೆಳಗಿನ ಅವರ ಮನೆಯ ಕಿಟಕಿಯೊಳಗೆ ಹೋಗಿತ್ತು. ಬೀದಿ ದಾಟುತ್ತಲೇ, "ಅಕ್ಕಾ, ಸ್ವಿಚ್!" ಎಂದು ಅರಚಿದೆ. ಅಕ್ಕ ಆರಿಸಿದರು.

ಮೇಲೆ ಹೋದರೆ, ಓನರ್ ಪಟಾಪಟಿ ಚಡ್ಡಿಯಲ್ಲಿ ನಿಂತಿದ್ದಾರೆ. ಪಂಚೆ ಪೂರ್ತಿ ಡ್ರಿಲ್ಲಿನ ಮೂತಿಯಲ್ಲಿ. ಹೊಟ್ಟೆಯ ಮೇಲೆ ಕೆಂಪು ಬರೆ. ನನಗೆ ನಗು ಬರಲಿಲ್ಲ. ಅಲ್ಲೇ ಕುಳಿತು ಅತ್ತೆ. "ನಿಮಗೇನಾದ್ರೂ ಆಗಿದ್ರೆ ನಾನು ಅಕ್ಕನಿಗೆ ಯಾವ ಮುಖ ತೋರಿಸ್ಲಿ?" ಎಂದೆ. ಓನರ್ ಡ್ರಿಲ್ ಎತ್ತಿಕೊಂಡು, ಲಾಕ್ ಗುಂಡಿಯನ್ನು ತಾವೇ ಬಿಡಿಸಿದರು.

ಈಗ ಡ್ರಿಲ್ ಹಿಡಿಯುವಾಗ ಪ್ಯಾಂಟು. ಲಾಕ್ ಗುಂಡಿ ಮುಟ್ಟುವುದಿಲ್ಲ. ಕೆಲಸ ನಡೆಯುವ ಮನೆಯಲ್ಲೇ ಪ್ಲಗ್, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಸ್ವಿಚ್ ಮೇಲೆ ಬೆರಳಿಟ್ಟು ಅಕ್ಕ.

ಮೊನ್ನೆ ನೋಡಲು ಹೋದೆ. ಅರ್ಧ ತೂತಿಗೇ ಡ್ರಿಲ್ ಗಕ್ಕನೆ ನಿಂತಿತು. ಓನರ್ ಸ್ಟೂಲ್ ಮೇಲೆ ಮಷೀನು ಹಿಡಿದು, ಅಕ್ಕನ ಕಡೆ ನೋಡುತ್ತಾ ನಿಂತಿದ್ದಾರೆ. ಅಕ್ಕ ನಾದಿನಿ ಆಡಿದ ಮಾತು, ನೀರಿನ ಟ್ಯಾಂಕು, ತವರಿನ ಗೃಹಪ್ರವೇಶಕ್ಕೆ ಗಂಡ ಬರದೇ ಹೋದದ್ದು, ಎಲ್ಲವನ್ನೂ ನಿಧಾನವಾಗಿ ಹೇಳಿ ಮುಗಿಸಿ, ಸ್ವಿಚ್ ಹಾಕಿದರು. ಡ್ರಿಲ್ ತಿರುಗಿತು.

"ಏನಕ್ಕಾ ಇದು?" ಎಂದೆ.

"ಮದ್ವೆ ಆದಾಗಿಂದ ಇವ್ರು ನನ್ ಮಾತ್ ಪೂರ್ತಿ ಕೇಳ್ತಿರೋದು ಈಗ್ಲೇ ಕಣಪ್ಪ" ಎಂದರು ಅಕ್ಕ. "ಹಂಗೇ ಹೋಗ್ತಾ, ಬಾಡಿಗೆಯೋರಿಗೆ ಇನ್ನೆಲ್ಲಾದ್ರೂ ತೂತು ಬೇಕಾ ಕೇಳ್ಕೊಂಡ್ ಹೋಗು."