ಮುದ್ದೆಮಾಲು ಕೂಲರಿನ ಮಹಾಸಮರ

ಎಲೈ ವೈಶಾಖದ ಉರಿಬಿಸಿಲೇ! ಸಕಲ ಜೀವಕೋಟಿಯನ್ನು ಬೆವರಿನಲ್ಲಿ ಮೀಯಿಸುವ, ಕರಿಕೋಟಿನ ಕುಲಕ್ಕೇ ಕಂಟಕವಾದ ಪ್ರಚಂಡ ಪ್ರತಾಪಿಯೇ! ನಿನಗೆ ಮೊದಲ ನಮಸ್ಕಾರ. ಮೊರದ ಪಕ್ಷವೂ ಒನಕೆ ಪಕ್ಷವೂ ಸಿಂಹಾಸನಕ್ಕಾಗಿ ಹಗಲಿರುಳು ಬಡಿದಾಡುತ್ತಿದ್ದ ಆ ಸರಕಾರಪತನಯುಗದಲ್ಲಿ, ಕೆಂಗಲ್ಲೂರೆಂಬ ಪಟ್ಟಣದ ನ್ಯಾಯಪೀಠವನ್ನು ಅಲಂಕರಿಸಿದ್ದ ಲಂಚಕುಲಕಾಲಾಂತಕ, ವಾಯಿದೆವೈರಿ, ಧರ್ಮಾಸನಧುರಂಧರ ಹಂಪಯ್ಯ ಸಾಲಿಮಠರ ಕಥೆಯನ್ನು ಹೇಳುತ್ತೇನೆ. ಬೀಸಣಿಗೆ ಇದ್ದವರು ಬೀಸಿಕೊಳ್ಳುತ್ತ ಕೇಳಿ.

ಬಿರುದುಗಳು ಇಷ್ಟಿದ್ದರೂ ಸಾಹೇಬರ ಎದೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಇಡೀ ಸೇವಾವಧಿಯಲ್ಲಿ ಒಬ್ಬ ಲಂಚಕೋರನಿಗೂ ಅವರು ಶಿಕ್ಷೆ ವಿಧಿಸಿರಲಿಲ್ಲ. ತೀರ್ಪು ಬರೆಯಲು ಪೆನ್ನು ಎತ್ತುವಷ್ಟರಲ್ಲಿ ಸರಕಾರ ಬೀಳುತ್ತಿತ್ತು, ಸರಕಾರಿ ವಕೀಲ ಬದಲಾಗುತ್ತಿದ್ದ, ಬಂದವನು ವಾಯಿದೆ ಕೇಳುತ್ತಿದ್ದ. ನಾಳೆ ಅವರ ನಿವೃತ್ತಿ. ಉಳಿದಿದ್ದು ಇವತ್ತೊಂದೇ ದಿನ, ಒಂದೇ ಮೊಕದ್ದಮೆ.

ಅದರ ಖಳನಾಯಕ ಪುರಸಭೆಯ ಮಾಜಿ ಅಧ್ಯಕ್ಷ ಮುದುಕಪ್ಪ ಕಂದಗಲ್. ಚರಂಡಿ ಗುತ್ತಿಗೆದಾರನಿಂದ ಏರ್ ಕೂಲರೊಂದನ್ನು ಲಂಚವಾಗಿ ಪಡೆದ ಆರೋಪ ಅವನ ಮೇಲಿತ್ತು. ಜಪ್ತಾದ ಆ ಶ್ವೇತಕಾಯದ, ಜಾಲಗವಾಕ್ಷಶೋಭಿತ ಕೂಲರು ಮುದ್ದೆಮಾಲಾಗಿ, ಅಂದರೆ ಸಾಕ್ಷಿಯ ವಸ್ತುವಾಗಿ, ಅರಗಿನ ಮುದ್ರೆ ಹೊತ್ತು ನ್ಯಾಯಪೀಠದ ಪಕ್ಕದಲ್ಲೇ ಕೂತಿತ್ತು. ತೀರ್ಪಾಗುವವರೆಗೆ ಅದನ್ನು ಮುಟ್ಟುವಂತಿಲ್ಲ. ಕೈಗೆ ಬಂದ ತುತ್ತು ಬಾಯಿಗಿಲ್ಲ ಎಂಬಂತೆ ಸಾಹೇಬರು ಬೇಸಿಗೆಯೆಲ್ಲ ಅದನ್ನು ನೋಡುತ್ತಲೇ ಬೆಂದಿದ್ದರು.

ಮುದುಕಪ್ಪನಿಗೆ ಪಕ್ಷಾಂತರ ಒಲಿದಿತ್ತು, ಮುಹೂರ್ತ ಒಲಿದಿರಲಿಲ್ಲ. ಯಾವ ಪಕ್ಷಕ್ಕೆ ಹಾರಿದರೂ ಮರುವಾರವೇ ಅದರ ಸರಕಾರ ಉರುಳುತ್ತಿತ್ತು. ಮೊಕದ್ದಮೆ ಹಿಂಪಡೆಯುವ ಆದೇಶ ಮಂತ್ರಿಯ ಮೇಜಿನ ಮೇಲೇ ಉಳಿಯುತ್ತಿತ್ತು. ಹೀಗಾಗಿ ಗೆದ್ದ ಪಕ್ಷದ ವಕೀಲ ಸರಕಾರಿ ವಕೀಲನಾಗಿ ಅವನನ್ನು ಜರೆಯುವುದು, ಸೋತ ಪಕ್ಷದ ವಕೀಲ ಅವನ ಪರ ನಿಲ್ಲುವುದು. ಮೊರದ ತಿಪ್ಪರಾಜ, ಒನಕೆಯ ಗುಂಡೇರಾಯ, ಇಬ್ಬರೂ ಇದೇ ಕೇಸಿಗಾಗಿ ಆ ಮೇಜಿನಿಂದ ಈ ಮೇಜಿಗೆ ಎಡತಾಕಿ ಸವೆದಿದ್ದರು. ನಿನ್ನೆ ಸಂಜೆ ಮೊರದ ಸರಕಾರ ಬಿದ್ದು ಒನಕೆ ಎದ್ದಿತು. ಬೆಳಿಗ್ಗೆ ಇಬ್ಬರೂ ಕುರ್ಚಿ ಬದಲಿಸಿದರು: ಗುಂಡೇರಾಯ ಸರಕಾರದ ಕಡೆ, ತಿಪ್ಪರಾಜ ಮುದುಕಪ್ಪನ ಕಡೆ.

"ಮಹಾಸ್ವಾಮಿ, ನಾನು ಹೊಸದಾಗಿ ಬಂದೀನಿ, ಒಂದು ವಾಯಿದೆ ಕೊಡಬೇಕ್ರಿ," ಎಂದ ಗುಂಡೇರಾಯ.

"ಏನ್ ಹೊಸಬ್ರಿ ನೀವು?" ಸಾಹೇಬರು ಗುಡುಗಿದರು. "ಈ ಕೇಸಿನಾಗ ನಿಮ್ಮ ತಲಿ ಬೆಳ್ಳಗಾಗ್ಯಾದ. ಇವತ್ತು ಮುಗಿಲು ಕಳಚಿ ಬಿದ್ರೂ ವಾಯಿದೆ ಇಲ್ಲ. ವಾದ ಶುರು ಮಾಡ್ರಿ!"

ಆಗ ಆ ವಾಗ್ಬಾಣಭಯಂಕರ ಗುಂಡೇರಾಯನು ಕೋಟು ಕೊಡವಿ, ಮೀಸೆ ತೀಡಿ, ಎದ್ದು ನಿಂತು ಗರ್ಜಿಸಿದನು: "ಕೇಳಿರಿ ಧರ್ಮಾವತಾರರೇ! ಈ ಮುದುಕಪ್ಪನು ಹಾಲಿನಂಥವನು, ಪರದ್ರವ್ಯಪರಾಙ್ಮುಖನು, ಕೂಲರಿನ ಗಾಳಿಯನ್ನೇ ಅರಿಯದ ಮುಗ್ಧನು! ಈತ ಅಪರಾಧಿಯೆಂದಾದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟುವನು!"

ರೂಢಿಯ ಬಲ ದೊಡ್ಡದು. ನಿನ್ನೆಯವರೆಗೆ ಮಾಡಿದ ವಾದವೇ ಅವನ ಬಾಯಿಗೆ ಬಂದಿತ್ತು.

ಶತ್ರುವಿನ ಮಾತಿಗೆ ಕಿವಿಗೊಡುವುದು ವೀರಲಕ್ಷಣವಲ್ಲವೆಂದು ಏನನ್ನೂ ಕೇಳದೆ ಕೂತಿದ್ದ ತಿಪ್ಪರಾಜನೂ ಸಿಡಿದೆದ್ದು ತನ್ನ ಕಕ್ಷಿಗಾರನತ್ತಲೇ ಬೆರಳು ಚಾಚಿದನು: "ಎಲವೋ ಚರಂಡಿಚೋರ! ಪುರಜನರ ಬೆವರಿನಲ್ಲಿ ತಂಪು ಕಂಡ ಪಾತಕಿ! ನಿನ್ನನ್ನು ಸೆರೆಗೆ ತಳ್ಳದೆ ಈ ತಿಪ್ಪರಾಜ ಮನೆಗೆ ಹೋಗಲಾರ!"

ಮುದುಕಪ್ಪ ಅವನ ಕೋಟು ಜಗ್ಗಿದ. "ವಕೀಲರೇ, ನೀವು ನನ್ನ ಕಡೆಯವ್ರು ರೀ!"

"ಸುಮ್ಮನ ಕುಂದ್ರಲೇ ಕಳ್ಳ!" ಎಂದ ತಿಪ್ಪರಾಜನ ಬಾಯಿ ಹಾಗೆಯೇ ತೆರೆದು ನಿಂತಿತು.

"ಮಹಾಸ್ವಾಮಿ, ವಾದ ವಾಪಸ್ ತಗೋತೀವ್ರಿ," ಎಂದರು ಇಬ್ಬರೂ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು," ಎಂದರು ಸಾಹೇಬರು. "ಎರಡೂ ಕಡೆ ವಾದ ಕೇಳೀನಿ. ಯಾರು ಯಾವ ಕಡೆ ಅಂದ್ರ ನನಗೇನ್ರಿ? ಸಾಕ್ಷಿ ಹೇಳಿದವ್ರೇನು ಪಕ್ಷ ಬದಲಿಸಿಲ್ಲ."

ಬಹುಕಾಲದಿಂದ ಬಾಯಾರಿದ್ದ ಪೆನ್ನು ಹರಿಯಿತು. ಸಂಜೆಗೆ ತೀರ್ಪು ಓದಿದರು: ಆರೋಪ ಸಾಬೀತು, ಮುದುಕಪ್ಪನಿಗೆ ಸೆರೆವಾಸ, ಕೂಲರು ಸರಕಾರಕ್ಕೆ ಮುಟ್ಟುಗೋಲು, ಅದು ಈ ನ್ಯಾಯಾಲಯದ ಉಪಯೋಗಕ್ಕೇ ಇರತಕ್ಕದ್ದು. ಓದಿ ಮುಗಿಸಿ ಸಾಹೇಬರು ಅಡಿಯಲ್ಲಿ ದೊಡ್ಡದಾಗಿ ಸಹಿ ಹಾಕಿದರು. ಕೊನೆಗೂ ಒಂದನ್ನು ಗೆದ್ದಿದ್ದರು.

ಜವಾನ ಹುಸೇನಪ್ಪ ಮಂಗಳಾರತಿ ಎತ್ತುವ ಭಕ್ತಿಯಿಂದ ಅರಗಿನ ಮುದ್ರೆ ಒಡೆದು, ನೀರು ತುಂಬಿ, ಸ್ವಿಚ್ಚು ಒತ್ತಿದ. ಸಾಹೇಬರು ಕೊರಳಪಟ್ಟಿ ಸಡಿಲಿಸಿ ಮುಖ ಮುಂದೊಡ್ಡಿದರು.

ಏನೂ ಆಗಲಿಲ್ಲ. ಹುಸೇನಪ್ಪ ಹಿಂಬದಿಯ ಜಾಳಿಗೆ ಬಿಚ್ಚಿ ಒಳಗೆ ಇಣುಕಿದ. "ಸಾಹೇಬ್ರ, ಇದರಾಗ ಮೋಟಾರೇ ಇಲ್ರಿ."

"ಮನಿಗೆ ಬಂದ ದಿನದಿಂದ್ಲೂ ಹಂಗ ಅದ ರೀ!" ಕಟಕಟೆಯಿಂದ ಮುದುಕಪ್ಪ ಗೋಳಿಟ್ಟ. "ಬರೀ ಡಬ್ಬಿ ಕೊಟ್ಟು ಆ ಗುತ್ತಿಗೆದಾರ ನನಗ ಮೋಸ ಮಾಡ್ಯಾನ! ಮೊದಲು ಅವನ ಮ್ಯಾಲೆ ಕೇಸ್ ಹಾಕ್ರಿ!"

ಕಳ್ಳನ ಬಾಯಿಂದಲೇ ತೀರ್ಪಿಗೆ ಮುದ್ರೆ ಬಿದ್ದಿತ್ತು. ಹೊಸ ಕೇಸು ಯಾರದೆಂದು ಇಬ್ಬರು ವಕೀಲರೂ ಆಗಲೇ ಜಗಳಕ್ಕೆ ನಿಂತಿದ್ದರು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸಹಿಯ ಮಸಿ ಇನ್ನೂ ಆರದ ತೀರ್ಪಿನ ಹಾಳೆಗಳನ್ನು ಕೈಗೆತ್ತಿಕೊಂಡು ಮುಖಕ್ಕೆ ಬೀಸಿಕೊಂಡರು. ಗಾಳಿ ಅಷ್ಟೇನೂ ಬರಲಿಲ್ಲ. ಆದರೂ ಸ್ವಲ್ಪ ಬಂತು.