ಬಿಳಿ ಔಷಧ ಮತ್ತು ಅರ್ಧ ಲೋಟ ಕಾಫಿ

ನಮ್ಮ ಮನೆಯಲ್ಲಿ ಕಾಫಿಯನ್ನು ಆಹಾರವೆಂದು ಯಾರೂ ಪರಿಗಣಿಸಿದ್ದಿಲ್ಲ. ಏಕಾದಶಿಯ ಉಪವಾಸದಲ್ಲೂ ಎರಡು ಸಲ ಕುಡಿದು, 'ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ' ಎಂದು ಧೈರ್ಯವಾಗಿ ಹೇಳಿಕೊಳ್ಳುವ ವಂಶ ನಮ್ಮದು. ಹೀಗಾಗಿ ನನ್ನ ಹೆಂಡತಿ ಸುಶೀಲಳ ಹೊಟ್ಟೆಯ ಗೆಡ್ಡೆ ತೆಗೆಯುವ ದಿನ 'ಬೆಳಿಗ್ಗೆ ಏನೂ ಕೊಡಬೇಡಿ' ಎಂದು ಆಸ್ಪತ್ರೆಯವರು ಹೇಳಿದ್ದಕ್ಕೆ ತಲೆಯಾಡಿಸಿ ಬಂದವನು, ಅವಳು ತಲೆನೋವು ಎಂದ ಕೂಡಲೇ ಕಾಫಿ ಮಾಡಿಕೊಟ್ಟೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಒಮ್ಮೆಯೂ ಒಲೆ ಹಚ್ಚದ ಗಂಡಸಿಗೆ ಪ್ರೀತಿ ಉಕ್ಕಿಬಂದದ್ದು ಆ ದಿನವೇ.

ಚಂದ್ರಾ ಲೇಔಟಿನಿಂದ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅರಿವಳಿಕೆ ಕೊಡುವ ಲೇಡಿ ಡಾಕ್ಟರು ಕೊನೆಯ ಸಲ ವಿಚಾರಿಸಿದರು.

"ಏನಾದ್ರೂ ತಗೊಂಡ್ರಾ ಅಮ್ಮ?"

"ಏನೂ ಇಲ್ಲ ಡಾಕ್ಟ್ರೇ, ಬರೀ ಅರ್ಧ ಲೋಟ ಕಾಫಿ. ಅದನ್ನ ಕಾಫಿ ಅನ್ನೋ ಹಾಗೂ ಇಲ್ಲ, ನಮ್ಮೆಜಮಾನ್ರು ಮಾಡಿದ್ದು."

ಡಾಕ್ಟರು ನಗಲಿಲ್ಲ. ಪ್ರೊಪೊಫಾಲ್ ಎಂಬ, ಥೇಟ್ ಹಾಲಿನಂತಿರುವ ಔಷಧವನ್ನು ನರಕ್ಕೆ ಕೊಟ್ಟರೆ ನಿಮಿಷದೊಳಗೆ ಮನುಷ್ಯನ ಜೊತೆ ಅವನ ಗಂಟಲಿನ ಕಾವಲೂ ಮಲಗಿಬಿಡುತ್ತದಂತೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅಂದಿನ ಸರದಿ ತಪ್ಪಿ ಆಪರೇಷನ್ ಎಂಟು ದಿನ ಮುಂದಕ್ಕೆ ಹೋಯಿತು.

ಆ ವಾರವಿಡೀ ಬೈಸಿಕೊಂಡೆ. "ಆ ಪುಣ್ಯಾತ್ಗಿತ್ತಿ ಕೇಳ್ದೇ ಇದ್ದಿದ್ರೆ ನನ್ನ ಕಳಿಸೇಬಿಡ್ತಿದ್ರಿ ಕಣ್ರೀ" ಎನ್ನುತ್ತಲೇ ಸುಶೀಲ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ದಿನಾ ಬೆಳಿಗ್ಗೆ ನನಗೆ ಡಿಕಾಕ್ಷನ್ ಇಳಿಸುವುದನ್ನು ಕಲಿಸಿದಳು. ಏಳನೆಯ ದಿನ ಒಂದು ಗುಟುಕು ಕುಡಿದು, "ಪರವಾಗಿಲ್ಲ, ಕುಡೀಬಹುದು" ಅಂದಳು. ನೌಕರಿಯಲ್ಲಿ ಸಿಕ್ಕ ಬಡ್ತಿಗೂ ನಾನು ಅಷ್ಟು ಹಿಗ್ಗಿರಲಿಲ್ಲ.

ಆಪರೇಷನ್ ಆಯಿತು, ಅವಳು ಚೇತರಿಸಿಕೊಳ್ಳಲಿಲ್ಲ. ಐಸಿಯುನಲ್ಲಿ ಉಸಿರಾಟದ ಯಂತ್ರ ಹಾಕಿ, ಗಂಟಲಿನ ಕೊಳವೆಯ ಹಿಂಸೆ ತಿಳಿಯದಿರಲೆಂದು ಅದೇ ಬಿಳಿ ಔಷಧವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಮಲಗಿಸಿದ್ದರು. ನಾಲ್ಕನೆಯ ದಿನ ಹೋಗಿಬಿಟ್ಟಳು. "ಆ ಒಂದು ವಾರದಿಂದ ವ್ಯತ್ಯಾಸ ಏನೂ ಆಗ್ಲಿಲ್ಲ ಸಾರ್, ಮನಸ್ಸಿಗೆ ಹಚ್ಕೋಬೇಡಿ" ಎಂದರು ಆಪರೇಷನ್ ಮಾಡಿದ ಡಾಕ್ಟರು. ಹಚ್ಚಿಕೊಂಡಿದ್ದೇನೆ. ತಪ್ಪು ನನ್ನದೇ, ಆದರೆ ಅದನ್ನು ಮಾಡದಿದ್ದರೆ ಆ ಏಳು ಬೆಳಗುಗಳೂ ಇರುತ್ತಿರಲಿಲ್ಲ. ಪಶ್ಚಾತ್ತಾಪ ಪಡಲು ಕೂತರೆ ಅದನ್ನೂ ಪೂರ್ತಿ ಪಡಲಾಗುವುದಿಲ್ಲ.

ನಾಳೆ ನನಗೇ ಎಂಡೋಸ್ಕೋಪಿ. ಅದಕ್ಕೂ ಅದೇ ಬಿಳಿ ಔಷಧವಂತೆ, ಹತ್ತು ನಿಮಿಷದ ನಿದ್ದೆಗೆ. "ಕಾಫಿನೂ ಕುಡೀಬಾರ್ದು ಅಂಕಲ್" ಎಂದು ನರ್ಸ್ ಫೋನಿನಲ್ಲಿ ಎರಡೆರಡು ಸಲ ಎಚ್ಚರಿಸಿದಳು. ಪಾಪ, ಅವಳಿಗೆ ಆ ಚಿಂತೆ ಬೇಡ. ಸುಶೀಲ ನನಗೆ ಹೇಳಿಕೊಟ್ಟದ್ದು ಇಬ್ಬರಿಗಾಗುವ ಪುಡಿಯ ಅಳತೆ. ಒಬ್ಬನಿಗೆ ಎಷ್ಟು ಹಾಕಬೇಕು ಎಂದು ಕೇಳಿಟ್ಟುಕೊಳ್ಳುವುದು ಈ ದಡ್ಡ ತಲೆಗೆ ಹೊಳೆಯಲೇ ಇಲ್ಲ.