ವಾಹನದಲ್ಲಿ ಸ್ಥಳಾವಕಾಶವಿಲ್ಲ

ನನಗೊಂದು ಚಟವಿದೆ. ತಂಬಾಕು, ಇಸ್ಪೀಟು ಇಂಥ ಗೌರವಸ್ಥ ಚಟವಾಗಿದ್ದರೆ ಮನೆಯವರು ಹೇಗೋ ಸಹಿಸುತ್ತಿದ್ದರು. ನನ್ನದು ತಿದ್ದುವ ಚಟ. ಲಗ್ನಪತ್ರಿಕೆ ಕೈಗೆ ಬಂದರೆ ಮುಹೂರ್ತ ನೋಡುವ ಮೊದಲು ಒತ್ತಕ್ಷರ ನೋಡುತ್ತೇನೆ. ಮನಗೂಳಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಕಲಿಸುತ್ತಿರುವುದರಿಂದ ಇದು ಬಂತೆಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ, ನೌಕರಿಗೆ ಮೊದಲೇ ಇತ್ತು. ಮದುವೆ ಗೊತ್ತಾದ ಮೇಲೆ ಸುಮಂಗಲಾ ನನಗೆ ಬರೆದ ಮೊದಲ ಪತ್ರದಲ್ಲಿ ‘ವಿಶ್ವಾಸ’ ಎನ್ನುವ ಕಡೆ ‘ವಿಸ್ವಾಸ’ ಎಂದಿತ್ತು. ನಾನು ಪ್ರೀತಿಯಿಂದಲೇ ತಿದ್ದಿ ಅದೇ ಪತ್ರವನ್ನು ವಾಪಸು ಕಳಿಸಿದೆ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾಯಿತು; ಎರಡನೆಯ ಪತ್ರ ಇನ್ನೂ ಬಂದಿಲ್ಲ. ಬಸವನ ಬಾಗೇವಾಡಿಯ ನಮ್ಮ ಓಣಿಯ ತುದಿಯಲ್ಲಿ ‘ಇಲ್ಲಿ ಶುದ್ಧ ಹಾಳು ಸಿಗುತ್ತದೆ’ ಎಂದು ಹಾಲಿನ ಅಂಗಡಿಯವನು ಬೋರ್ಡು ಹಾಕಿದ್ದ. ಹೋಗಿ ಹೇಳಿದೆ. ಗಿರಾಕಿಗಳು ಹಾಲು ಕುಡಿಯುತ್ತಾರೆಯೇ ಹೊರತು ಬೋರ್ಡು ಓದುವುದಿಲ್ಲ ಎಂದು ಅವನು ನನಗೇ ತಿಳಿಹೇಳಿ ಕಳಿಸಿದ. ಇಷ್ಟರಲ್ಲೇ ಎಲ್ಲ ಮುಗಿದಿದ್ದರೆ ಚೆನ್ನಾಗಿತ್ತು. ಹೋದ ವರ್ಷ ಈ ಚಟ ನನ್ನ ಮಗಳ ಹಾಡಿಗೆ ಕೈ ಹಾಕಿತು.

ಮಗಳು ಸುಷ್ಮಾ ಮುದ್ದೇಬಿಹಾಳದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ದಿನಾ ಬೆಳಗ್ಗೆ ಬಸ್ಸು ಹತ್ತಿ ಹೋಗಿ, ಊರ ಮಂದಿಯ ರಕ್ತ ತೆಗೆದು, ಸಂಜೆ ಮನೆಗೆ ಬಂದು ಲ್ಯಾಪ್‌ಟಾಪ್ ಮುಂದೆ ಕೂರುವವಳು. ಕೂತು ಹಾಡು ಕಟ್ಟುತ್ತಾಳೆ. ನಮ್ಮ ಕಾಲದಲ್ಲಿ ಹಾಡಬೇಕೆಂದರೆ ಹಾರ್ಮೋನಿಯಂ ಮಾಸ್ತರರು, ತಬಲಾದವರು, ಚಹಾ, ಚಾಪೆ ಎಲ್ಲ ಬೇಕಾಗುತ್ತಿತ್ತು. ಇವಳಿಗೆ ಎರಡು ಕಿವಿಗೆ ಇಯರ್‌ಫೋನಿನ ಎರಡು ಗುಬುಟು ಸಾಕು. ಆಸ್ಪತ್ರೆಯಲ್ಲಿ ರಕ್ತದ ನಳಿಗೆಗಳನ್ನು ಗರಗರ ತಿರುಗಿಸುವ ಒಂದು ಯಂತ್ರವಿದೆ. ಅದರ ಸದ್ದನ್ನು ಫೋನಿನಲ್ಲಿ ಹಿಡಿದು ತಂದಳು. ಆಲಮಟ್ಟಿಯ ಗೇಟಿನಿಂದ ನೀರು ಬಿಟ್ಟಾಗಿನ ಭೋರ್ಗರೆತವನ್ನೂ ತಂದಳು. ಅಮ್ಮ ರೊಟ್ಟಿ ಬಡಿಯುವ ಸದ್ದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ತುಂಬಿಕೊಂಡಳು. ಇದನ್ನೆಲ್ಲ ಹಿಗ್ಗಿಸಿ, ಕುಗ್ಗಿಸಿ, ಒಂದರ ಮೇಲೊಂದು ಕೂಡಿಸಿದರೆ ಅದಕ್ಕೆ ಎಲೆಕ್ಟ್ರಾನಿಕ್ ಪಾಪ್ ಎನ್ನುತ್ತಾರಂತೆ. ಹಾಡುಗಾರ್ತಿಯಾಗಿ ಅವಳು ಇಟ್ಟುಕೊಂಡ ಹೆಸರು ‘ಹಗೇವು’. ನಮ್ಮ ಕಡೆ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕುಣಿಗೆ ಆ ಹೆಸರು. ಅಜ್ಜನ ಹೆಸರೋ, ಮನೆದೇವರ ಹೆಸರೋ ಇರುವಾಗ ಕುಣಿಯ ಹೆಸರೇಕೆ ಎಂದು ಕೇಳಿದೆ. ಚಿಕ್ಕವಳಿದ್ದಾಗ ಹೂವಿನ ಹಿಪ್ಪರಗಿಯ ಮಾವನ ಮನೆಯಲ್ಲಿ ಖಾಲಿ ಹಗೇವಿನ ಬಾಯಿಗೆ ಮುಖವಿಟ್ಟು ಕೂಗಿದ್ದಳಂತೆ. ತನ್ನದೇ ದನಿ ದೊಡ್ಡದಾಗಿ ತಿರುಗಿ ಬಂದಿತ್ತಂತೆ. ಆವತ್ತಿನಿಂದ ಅದು ತಲೆಯಲ್ಲಿತ್ತಂತೆ. ಆವತ್ತು ಅವಳು ಒಳಗೆ ಬೀಳುತ್ತಾಳೆಂದು ನಾನು ರಟ್ಟೆ ಹಿಡಿದು ಎಳೆದು ಬೈದದ್ದು ಮಾತ್ರ ನನಗೆ ನೆನಪಿದೆ.

ಎಂಟು ತಿಂಗಳು ಕೂತು ಅವಳು ಒಂದೇ ಒಂದು ಹಾಡು ಮುಗಿಸಿದಳು. ಹೆಸರು ‘ತಡಾ ಆತು’. ಈಗ ಹೊಸ ಹಾಡುಗಾರರು ಹೀಗೆ ಒಂಟಿ ಹಾಡನ್ನೇ ಬಿಡುಗಡೆ ಮಾಡುತ್ತಾರೆ. ಅದನ್ನು ಸಿಂಗಲ್ ಅನ್ನುತ್ತಾರೆ. ಶುಕ್ರವಾರ ಬೆಳಗ್ಗೆ ಎಲ್ಲರ ಫೋನಿಗೂ ಬರುತ್ತದೆ, ಕೇಳುವಾಗ ಪರದೆಯ ಮೇಲೆ ಹಾಡಿನ ಮಾತುಗಳೂ ಸಾಲುಸಾಲಾಗಿ ಏರುತ್ತ ಹೋಗುತ್ತವೆ. ಆ ಮಾತುಗಳನ್ನು ಮೂರು ವಾರ ಮೊದಲೇ ಬರೆದು ಕಳಿಸಬೇಕು. ಸುಷ್ಮಾ ಇಂಗ್ಲಿಷ್ ಸಾಲಿಯಲ್ಲಿ ಓದಿದವಳು; ಹಾಡನ್ನು ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಂಡಿದ್ದಳು. ಆಗ ಊರ ತುಂಬ ಜ್ವರ, ಲ್ಯಾಬಿನಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ಆ ಬರಹವನ್ನು ನನಗೆ ಕಳಿಸಿ, ಅಪ್ಪಾ, ಇದನ್ನೊಂದಿಷ್ಟು ಕನ್ನಡದಾಗ ಟೈಪ್ ಮಾಡಿಕೊಡು ಎಂದಳು. ಎಂಟು ತಿಂಗಳಲ್ಲಿ ಆ ಹಾಡಿಗೆ ನನ್ನಿಂದ ಕೇಳಿದ ಸಹಾಯ ಅದೊಂದೇ.

ಹಾಡು ಶುರುವಾಗುವುದು ಹೀಗೆ:

ತಡಾ ಆತಂತ ಬೈಬ್ಯಾಡೋ, ಹೊಂಟೇನಿ
ಬಸ್ಸಿನ್ಯಾಗ ಜಾಗಿಲ್ಲ, ನಿಂತೇನಿ
ಖಾಲಿಪೀಲಿ ಮನಸ ಓಡಾಕತ್ತೈತಿ
ನಾ ಮುಟ್ಟೂ ಮೊದಲ ಅದು ಮುಟ್ಟೈತಿ

ನಾನು ಪ್ರಾಮಾಣಿಕವಾಗಿ ಇದನ್ನು ಇದ್ದ ಹಾಗೇ ಟೈಪು ಮಾಡಲು ಕುಳಿತೆ. ಬೆರಳು ಒಪ್ಪಲಿಲ್ಲ. ‘ಆತಂತ’ ಎಂದರೇನು? ನಾಳೆ ಇದು ನಾಡಿನ ನಾಲ್ಕು ಕಡೆ ಹೋಗುವಾಗ ಕನ್ನಡ ಮಾಸ್ತರನ ಮಗಳು ಹೀಗೆ ಬರೆದಳು ಅನ್ನಿಸಿಕೊಳ್ಳಬೇಕೇ? ಒಂದು ಪದ ಸರಿ ಮಾಡಿದೆ. ಪಕ್ಕದ ಪದ ನನ್ನದೂ ಮಾಡು ಎಂದಿತು. ‘ಬೈಬ್ಯಾಡೋ’ ಎಂಬುದರ ಕೊನೆಯ ಓಕಾರ ಯಾರನ್ನು ಕುರಿತದ್ದು ಎಂದು ತಂದೆಯಾಗಿ ಕೇಳಬೇಕೆನಿಸಿತು; ಕೇಳುವ ಧೈರ್ಯವಾಗದೆ ವ್ಯಾಕರಣದ ಹೆಸರಿನಲ್ಲಿ ತೆಗೆದೇಬಿಟ್ಟೆ. ಅರ್ಧ ತಾಸಿನಲ್ಲಿ ಹಾಡು ಹೀಗೆ ತಯಾರಾಯಿತು:

ತಡವಾಯಿತೆಂದು ಗದರಬೇಡ, ಹೊರಟಿರುವೆನು
ವಾಹನದಲ್ಲಿ ಸ್ಥಳಾವಕಾಶವಿಲ್ಲ, ನಿಂತಿರುವೆನು
ನಿಷ್ಕಾರಣವಾಗಿ ಮನಸ್ಸು ಧಾವಿಸುತ್ತಿದೆ
ನಾನು ತಲುಪುವ ಮುನ್ನವೇ ಅದು ತಲುಪಿದೆ

ಓದಿಕೊಂಡಾಗ ನಿಜಕ್ಕೂ ತೃಪ್ತಿಯಾಯಿತು. ಮಗಳಿಗೆ ಕಳಿಸಿದೆ. ಅಪ್ಪ ಬರೆದದ್ದರಲ್ಲಿ ತಪ್ಪೇನಿರುತ್ತದೆ ಎಂದು ಅವಳು ತೆರೆದೂ ನೋಡದೆ ಮುಂದೆ ಕಳಿಸಿದಳು. ನಾನೂ ಹೇಳಲಿಲ್ಲ. ಅವಳು ಹಾಡನ್ನು ಆಗಲೇ ಹಾಡಿ ಮುಗಿಸಿದ್ದಾಳೆ, ಹಾಡಿದ್ದೇ ಬೇರೆ, ಕಾಣುವುದೇ ಬೇರೆ ಆಗುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ ಎಂದರೆ ನೀವು ನಂಬುವುದಿಲ್ಲ. ನಾನು ಹಾಡನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಆ ಶುಕ್ರವಾರ ನಾನು ಪಟ್ಟ ತಳಮಳ ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನವೂ ಪಟ್ಟಿರಲಿಲ್ಲ. ಮನಗೂಳಿಯ ಬಸ್ಸಿನಲ್ಲಿ ಜಾಗ ಸಿಕ್ಕರೂ ಕೂರಲಾಗಲಿಲ್ಲ. ಸ್ಟಾಫ್‌ರೂಮಿನಲ್ಲಿ ಫೋನನ್ನು ಮೇಜಿನ ಮೇಲಿಡುವುದು, ಎತ್ತುವುದು, ಕಿಸೆಗೆ ಹಾಕುವುದು, ಮತ್ತೆ ತೆಗೆಯುವುದು. ಎಷ್ಟು ಜನ ಕೇಳಿದರೆಂದು ತೋರಿಸುವ ಸಂಖ್ಯೆ ಮೂವತ್ತೊಂದರಲ್ಲಿ ನಿಂತಿತ್ತು. ಅದರಲ್ಲಿ ಒಂಬತ್ತು ನಾನೇ. ಕೇಳಿದ್ದೆನೆಂದರೆ ದನಿ ಪೂರ್ತಿ ತಗ್ಗಿಸಿ, ಸುಮ್ಮನೆ ಸಂಖ್ಯೆ ಏರಲಿ ಎಂದು. ಕೊನೆಗೆ ವಿಜ್ಞಾನದ ಬಿರಾದಾರ ಸರ್ ನನ್ನ ಚಡಪಡಿಕೆ ನೋಡಲಾರದೆ ತಮ್ಮ ಫೋನಿನಲ್ಲಿ ಹಾಡು ಹಚ್ಚಿ ದನಿ ಏರಿಸಿದರು. ಮೊದಲು ಆ ಯಂತ್ರದ ಗರಗರ, ಅದರೊಳಗಿಂದ ನೀರು, ನೀರಿನೊಳಗಿಂದ ರೊಟ್ಟಿಯ ಸದ್ದು ಬಂತು. ಆಮೇಲೆ ನನ್ನ ಮಗಳು ಕಿವಿಯ ಹತ್ತಿರವೇ ಬಂದು ಹೇಳಿದ ಹಾಗೆ ‘ಬಸ್ಸಿನ್ಯಾಗ ಜಾಗಿಲ್ಲ, ನಿಂತೇನಿ’ ಎಂದಳು. ಮೈ ಜುಂ ಎಂದಿತು. ಅದೇ ಹೊತ್ತಿಗೆ ಬಿರಾದಾರ ಸರ್ ಪರದೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿ ದಪ್ಪಕ್ಷರದಲ್ಲಿ ‘ವಾಹನದಲ್ಲಿ ಸ್ಥಳಾವಕಾಶವಿಲ್ಲ’ ಎಂದು ಏರುತ್ತಿತ್ತು.

“ಸರ, ಇದನ್ನ ನೀವ ಬರ್ದೀರಿ ಹೌದಿಲ್ರಿ?” ಎಂದರು.

ಇಲ್ಲ ಎನ್ನಲು ಅದರಲ್ಲಿ ಜಾಗವಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾಡಿನ ಕೆಳಗೆ ಜನ ಬರೆಯಲು ಶುರು ಮಾಡಿದ್ದರು. ಹಾಡಿದಾಕೆ ನಮ್ಮಾಕೆ, ಬರೆದಾತ ಯಾವ ಕಚೇರಿಯ ಹೆಡ್ ಕ್ಲಾರ್ಕು ಎಂದು ಸಿಂದಗಿಯ ಒಬ್ಬ ಕೇಳಿದ್ದ. ಇದು ಹಾಡೋ ಸುತ್ತೋಲೆಯೋ ಎಂದು ಇಂಡಿ ಊರಿನ ಇನ್ನೊಬ್ಬ. ಹೂವಿನ ಹಿಪ್ಪರಗಿಯಿಂದ ಹೆಂಡತಿಯ ತಮ್ಮ ಫೋನು ಮಾಡಿ, ಭಾವ, ಟ್ರ್ಯಾಕ್ಟರಿನಲ್ಲಿ ಹಚ್ಚಿದ್ದೇನೆ, ಹಾಡು ಭಾರಿ ಐತಿ, ಆದರೆ ನಡುವೆ ನಿಮ್ಮ ವಾಸನೆ ಬರಾಕತ್ತೈತಿ ಎಂದ.

ನಗುವಂಥದ್ದು ಅಷ್ಟೇ. ಸಂಜೆ ಸುಷ್ಮಾ ಮನೆಗೆ ಬಂದಳು, ಚಪ್ಪಲಿ ಬಿಟ್ಟಳು, ಪಡಸಾಲೆಯಲ್ಲಿ ನನ್ನ ಎದುರು ಬಂದು ನಿಂತಳು. ಧಾರವಾಡದಲ್ಲಿ ಒಬ್ಬ ಹೆಣ್ಣುಮಗಳು ಹೊಸ ಹಾಡುಗಾರರನ್ನು ಕರೆಸಿ ಕಾರ್ಯಕ್ರಮ ಮಾಡುತ್ತಾರಂತೆ. ಬಿಡುಗಡೆಯ ದಿನ ಕೇಳಿ ಹೇಳುತ್ತೇನೆ ಎಂದಿದ್ದರಂತೆ. ಅವರು ಮಧ್ಯಾಹ್ನ ಮೆಸೇಜು ಹಾಕಿ, ಇದು ತಮಾಷೆಗೆ ಮಾಡಿದ ಹಾಡೇ ಎಂದು ಕೇಳಿದ್ದರು. ಸುಷ್ಮಾ ಬಸ್ಸಿನಲ್ಲಿ ನಿಂತು ಅದನ್ನು ಓದಿದ್ದಳು. ಅವಳು ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. ಅದಕ್ಕೆ ಬೇಕಾದ ವಾದವನ್ನೆಲ್ಲ ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡು ಬಂದಿದ್ದೆ.

“ಅಪ್ಪಾ, ಹಿಂಗ ಮಾತಾಡಾಕ ನನಗ ಕಲಿಸಿದಾಂವ ನೀನ,” ಎಂದಳು. “ಮನ್ಯಾಗ ಒಂದ್ ದಿನಾರೆ ನೀ ಸ್ಥಳಾವಕಾಶ ಅಂದೀ ಏನು? ನಾ ನಿನ್ನ ಮಾತಿನ್ಯಾಗ ಹಾಡಿದ್ರ ನಿನಗ ಯಾಕ ನಾಚಿಕಿ?”

ಅಷ್ಟೇ ಹೇಳಿ ಒಳಗೆ ಹೋದಳು. ನಾಚಿಕೆ ಅಲ್ಲವ್ವ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಅದು ನಾಚಿಕೆಯೇ ಆಗಿತ್ತು. ಬಿ.ಎಡ್. ಓದಲು ಬೆಂಗಳೂರಿನ ಕಡೆ ಹೋದಾಗ ನಾನು ‘ಹೋಗಾಕತ್ತೇನಿ’ ಎಂದದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಆ ನಗುವಿಗೆ ಮೂವತ್ತು ವರ್ಷ ದಾಟಿದೆ. ಅದನ್ನು ನಾನು ಸುಮಂಗಲಾಗೂ ಹೇಳಿರಲಿಲ್ಲ.

ಮುಂದಿನ ಆರು ದಿನ ಮಗಳು ನನ್ನೊಡನೆ ಅಮ್ಮನ ಮೂಲಕವೇ ಮಾತಾಡಿದಳು. ಅಪ್ಪನಿಗೆ ಚಹಾ ಬೇಕೇನು ಕೇಳು ಎನ್ನುವಳು, ನಾನು ಎರಡು ಮಾರು ದೂರದಲ್ಲಿ ಕೂತಿರುತ್ತಿದ್ದೆ. ಮನೆಯೊಳಗೆ ಕೂತರೆ ಅಂಗಳಕ್ಕೆ ಹೋಗಬೇಕೆನಿಸುವುದು, ಅಂಗಳಕ್ಕೆ ಹೋದರೆ ಒಳಗೆ ಏನಾಗುತ್ತಿದೆಯೋ ಎನಿಸುವುದು. ಕ್ಲಾಸಿನಲ್ಲಿ ‘ಸಮಾಸ’ ಹೇಳುತ್ತ ಹೇಳುತ್ತ ಬೋರ್ಡಿನ ಮುಂದೆ ನಿಂತುಬಿಡುತ್ತಿದ್ದೆ. ಕೊನೆಗೆ ತಡೆಯಲಾರದೆ, ಮಗಳ ಡೈರಿಯಿಂದ ಧಾರವಾಡದವರ ನಂಬರು ತೆಗೆದುಕೊಂಡು ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ನಿಂತು ಫೋನು ಮಾಡಿದೆ. ಅವರ ಬಾಯಿಂದ ಹಲೋ ಬಂದದ್ದೇ ತಡ, ತಪ್ಪು ನನ್ನದು, ಹುಡುಗಿಯದಲ್ಲ, ನಾನು ಅವಳ ಅಪ್ಪ, ಕನ್ನಡ ಮಾಸ್ತರ ಎಂದು ಒಂದೇ ಉಸಿರಿನಲ್ಲಿ ಒಪ್ಪಿಕೊಂಡೆ. ಅವರು ತಮ್ಮ ಅಪ್ಪನೂ ಮಾಸ್ತರರೇ ಎಂದರು. ಹಾಡು ತಮಗೆ ಬಹಳ ಹಿಡಿಸಿದೆ ಎಂದೂ, ಆದರೆ ಪರದೆಯ ಮೇಲಿನ ಮಾತು ಸರಿಯಾಗುವವರೆಗೆ ಅದನ್ನು ಯಾರಿಗೂ ಕೇಳಿಸಲಾರೆ ಎಂದೂ ಹೇಳಿದರು.

ಸರಿ, ಸರಿಯಾಗಿ ಬರೆದುಕೊಡುವುದು ನನ್ನ ಜವಾಬ್ದಾರಿ. ಸಂಜೆ ಹಾಳೆ, ಪೆನ್ನು ಹಿಡಿದು ಕೂತೆ. ಆಗ ಗೊತ್ತಾಯಿತು, ಹುಟ್ಟಿದಾಗಿನಿಂದ ಆಡುತ್ತಿರುವ ಮಾತನ್ನು ಬರೆಯಲು ನನಗೆ ಬರುವುದಿಲ್ಲ. ‘ಹೊಂಟೇನಿ’ಯೋ ‘ಹೊಂಟೀನಿ’ಯೋ? ‘ಬಸ್ಸಿನ್ಯಾಗ’ ಎಂದು ಬರೆದರೆ ಒಂದು ತೂಕ ಹೆಚ್ಚು, ‘ಬಸ್ಸಿನಾಗ’ ಎಂದರೆ ಒಂದು ತೂಕ ಕಡಿಮೆ. ನಮ್ಮ ಬಾಯಲ್ಲಿ ‘ಯಾ’ಗೂ ‘ಏ’ಗೂ ನಡುವೆ ಒಂದು ದನಿ ಇದೆ, ಅದಕ್ಕೆ ಅಕ್ಷರವೇ ಇಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಸುಮಂಗಲಾ ರೊಟ್ಟಿ ಬಡಿಯುತ್ತಿದ್ದಳು. ಆ ಬಸ್ಸಿನ ಸಾಲು ಒಮ್ಮೆ ಹೇಳು ಎಂದೆ. ಹೇಳಿದಳು. ಇನ್ನೊಮ್ಮೆ ಸಾವಕಾಶ ಹೇಳು ಎಂದೆ. ಸಾವಕಾಶ ಹೇಳಿದರೆ ಅದು ಬೇರೆಯೇ ಮಾತಾಯಿತು.

“ಏನ್ರೀ, ದಿನಾ ನೀವ ಆಡೂ ಮಾತು, ನನ್ನನ್ನ ಏನ್ ಕೇಳ್ತೀರಿ?” ಎಂದಳು. ಎಂದರೂ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಅವಳು ಅನ್ನುವುದು, ನಾನು ಬರೆಯುವುದು, ಬರೆದದ್ದನ್ನು ಓದುವುದು, ಅವಳು ತಲೆ ಅಲ್ಲಾಡಿಸುವುದು. ಹದಿನಾರು ಸಾಲಿಗೆ ಎರಡು ಸಂಜೆ ಹಿಡಿಯಿತು. ಎರಡನೆಯ ಸಂಜೆ ಸುಷ್ಮಾ ಬಂದು ನಮ್ಮಿಬ್ಬರನ್ನೂ ನೋಡಿ ಎದುರಿಗೆ ಕೂತಳು. ನಾನು ಓದಿದೆ. ‘ಬೈಬ್ಯಾಡೋ’ ಎನ್ನುವಲ್ಲಿ ಓಕಾರವನ್ನು ಇದ್ದ ಹಾಗೇ ಓದಿದೆ, ಯಾರೆಂದು ಕೇಳಲಿಲ್ಲ. ಅವಳು ಹಾಳೆ ತೆಗೆದುಕೊಂಡು, “ಚಹಾ ಮಾಡ್ಲೇನು ಅಪ್ಪಾ?” ಎಂದಳು. ನೇರವಾಗಿ ನನಗೇ.

ಪರದೆಯ ಮೇಲಿನ ಮಾತು ಬದಲಾಗಲು ಹತ್ತು ದಿನ ಹಿಡಿಯಿತು. ಧಾರವಾಡದವರು ಕರೆದರು. ಒಂದು ಸಣ್ಣ ಸಭಾಂಗಣದಲ್ಲಿ ನಲವತ್ತು ಜನರ ಮುಂದೆ ನನ್ನ ಮಗಳು ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡಿದಳು. ಹಿಂದಿನ ಸಾಲಿನ ಹುಡುಗಿಯರು ಎರಡನೆಯ ಸಲಕ್ಕೆ ತಾವೂ ‘ನಿಂತೇನಿ’ ಎಂದು ದನಿ ಕೂಡಿಸಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಕುರ್ಚಿ ಖಾಲಿ ಇದ್ದರೂ ಕೂರಲಾಗಲಿಲ್ಲ.

ಈಗ ಎರಡನೆಯ ಸಿಂಗಲ್ ತಯಾರಾಗುತ್ತಿದೆ. ಅದರ ಮಾತನ್ನು ಅಮ್ಮನೇ ಟೈಪು ಮಾಡುತ್ತಾಳೆಂದು ತೀರ್ಮಾನವಾಗಿದೆ, ಅವಳಿಗೆ ಟೈಪಿಂಗ್ ಬರುವುದಿಲ್ಲವಾದರೂ. ನನಗೆ ಕೇಳುವ ಕೆಲಸ ಮಾತ್ರ ಕೊಟ್ಟಿದ್ದಾರೆ. ಮೊನ್ನೆ ಭಾನುವಾರ ಸುಷ್ಮಾ ನನ್ನನ್ನು ಕೂರಿಸಿ, ಕಿವಿಗೆ ಆ ಎರಡು ಗುಬುಟು ಹಾಕಿ, ಮುಖ ನೋಡುತ್ತ ನಿಂತಳು. ಈ ಸಲ ಪೂರ್ತಿ ಮನಸ್ಸಿಟ್ಟು ಕೇಳಬೇಕೆಂದು ಕಣ್ಣು ಮುಚ್ಚಿದೆ. ಟಕ್, ಟಕ್, ಟಕ್ ಎಂದು ಒಂದು ಸದ್ದು ಒಂದೇ ಸಮ ಬರುತ್ತಿತ್ತು. ಎಂಥ ಸರಳತೆ, ಎಂಥ ಸಂಯಮ ಎಂದು ತಲೆದೂಗಿದೆ. ಎರಡು ನಿಮಿಷವಾದ ಮೇಲೆ ಕಣ್ಣು ತೆರೆದು, ಮೊದಲನೆಯದಕ್ಕಿಂತ ಇದು ಗಂಭೀರವಾಗಿದೆ, ಒಂದಕ್ಷರವನ್ನೂ ಬದಲಿಸಬೇಡ ಎಂದೆ.

“ಅಪ್ಪಾ, ಇದು ಬರೇ ತಾಳದ ಲೆಕ್ಕಕ್ಕ ಹಚ್ಚಿದ್ದು,” ಎಂದಳು. “ಹಾಡು ಇನ್ನಾ ಶುರುನ ಆಗಿಲ್ಲ.”